ಹಣೆಯವರೆಗೆ ಬಂದು ನಿಂತ ದೇವರು

ಗಿರಿಜಕ್ಕನಿಗೆ ನಾನು ಸುಳ್ಳು ಹೇಳಿದೆ. ನನ್ನದೇ ಅಂಗಡಿಯಲ್ಲಿ ಕೂರಿಸಿ, ಮುಖ ನೋಡಿಕೊಂಡೇ ಹೇಳಿದೆ. ಅವರ ವೆಬ್‌ಸೈಟು ಜನರ ಮೊಬೈಲಿನಲ್ಲಿ ತೆರೆಯದೆ ಹೋದದ್ದು ನನ್ನಿಂದ. ಅವರಿಂದಲೇ ಎಂದು ನಂಬಿಸಿದೆ. ಅವರು ನಂಬಿಯೂ ಬಿಟ್ಟರು. ಇಷ್ಟೇ ವಿಷಯ — ಇಷ್ಟನ್ನು ಬರೆಯುವುದಕ್ಕೆ ನನಗೆ ಆರು ವರ್ಷ ಬೇಕಾಯಿತು.

ನನ್ನ ಅಂಗಡಿ ಹೊನ್ನಾವರದಲ್ಲಿ. ರೀಚಾರ್ಜ್ ಕೂಪನ್ ಮಾರುತ್ತ ಶುರು ಮಾಡಿದವನು. ಫ್ಲೆಕ್ಸ್ ಮಾಡುವುದು, ಆಮೇಲೆ ವೆಬ್‌ಸೈಟ್ ಮಾಡುವುದು, ಎಲ್ಲ ನೋಡಿ ನೋಡಿ ಕಲಿತದ್ದು. ಭಟ್ಕಳದಿಂದ ಕುಮಟಾದವರೆಗೆ ಹೆದ್ದಾರಿಯ ಎರಡೂ ಬದಿಯಲ್ಲಿ ನನ್ನ ಗಿರಾಕಿಗಳಿದ್ದಾರೆ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಗಿರಿಜಕ್ಕ ಸೋಲಿಸಿದರು. ಅಲ್ಲಿಂದಲೇ ಇದು ಶುರುವಾಯಿತೇನೋ.

ಅವರ ಮನೆ ಯಾಣಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ. ಗಂಡ ತೀರಿಕೊಂಡ ಮೇಲೆ, ಯಾಣದ ಬಂಡೆ ನೋಡಲು ಬರುವವರಿಗೆ ಮನೆಯಲ್ಲೇ ಊಟ ಹಾಕಿ ಬದುಕುತ್ತಿದ್ದರು. ಮೊದಲೇ ಫೋನ್ ಮಾಡಿ ಹೇಳಬೇಕು. ಹೇಳಿದಷ್ಟು ಎಲೆಗೆ ಅಡುಗೆ. ಕವಲುದಾರಿಯ ಚಾ ಅಂಗಡಿ ಪಕ್ಕ ಒಂದು ತಗಡಿನ ಬೋರ್ಡು, ಅದರ ಮೇಲೆ ಮನೆಯ ಲ್ಯಾಂಡ್‌ಲೈನ್ ನಂಬರು. ಚೆನ್ನಾಗಿಯೇ ನಡೆಯುತ್ತಿತ್ತು. ಊಟದ ಚಪ್ಪರಕ್ಕೆ ಹೊಸ ತಗಡು ಹಾಕಿಸಿದಾಗ ಪೂಜೆಗೆಂದು ನನ್ನಿಂದ ಒಂದು ದೊಡ್ಡ ಫ್ಲೆಕ್ಸ್ ಮಾಡಿಸಿದರು — ಮೇಲಿಂದ ಕೆಳಗಿನವರೆಗೆ ದೇವರು, ಪಾದದ ಕೆಳಗೆ ಫೋನ್ ನಂಬರು. ಅದನ್ನು ಕೊಡಲು ಹೋದವನು ವೆಬ್‌ಸೈಟಿನ ಮಾತು ತೆಗೆದೆ.

"ಅಕ್ಕ, ಬೋರ್ಡು ಒಂದೇ ಕಡೆ ನಿಂತಿರ್ತದೆ. ವೆಬ್‌ಸೈಟು ಊರೂರು ತಿರುಗ್ತದೆ."

ಬೆಲೆ ಕೇಳಿದರು. ಹೇಳಿದೆ. ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ನಕ್ಕರು.

"ಎಂತ ತಮಾ, ಅದಕ್ಕೇನು ಬಂಗಾರದ ಅಂಚು ಉಂಟಾ? ಬಂಗಡೆ ಮೀನು ಮಾರೋಳೂ ಮೊದಲ ಬಾಯಿಗೆ ಇಷ್ಟು ಹೇಳೂದಿಲ್ಲ!"

ಅರ್ಧಕ್ಕೆ ಇಳಿಸಿದರು. ನಾನೂ ನಕ್ಕು ಒಪ್ಪಿದೆ. ಆದರೆ ಒಳಗೊಳಗೇ ತೀರ್ಮಾನಿಸಿಬಿಟ್ಟೆ — ಬೆಲೆ ಇಳಿದಷ್ಟು ಕೆಲಸವೂ ಇಳಿಯಲಿ, ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ನನ್ನ ವ್ಯಾಪಾರವೆಲ್ಲ ನಡೆದದ್ದು ಹೀಗೇ.

ಗಿರಿಜಕ್ಕ ಕೇಳಿದ್ದು ಒಂದೇ. "ಮದುವೆ ಕಾಗದ ಇರ್ತದಲ್ಲ, ಹಾಂಗೇ. ಮೊದಲು ದೇವರು, ಪಾದದ ಕೆಳಗೆ ನಮ್ಮ ನಂಬರು. ಮತ್ತೆ ಕೇಳು — ದೇವರನ್ನ ಸಣ್ಣ ಮಾಡ್ಬೇಡ."

"ಆತು ಅಕ್ಕ," ಅಂದೆ.

ಇದನ್ನು ಓದುವವರಲ್ಲಿ ಸಣ್ಣ ವ್ಯಾಪಾರ ಇಟ್ಟವರಿದ್ದರೆ ಒಂದು ಮಾತು. ಫೋಟೋಕ್ಕೆ ಅಳತೆ ಬೇರೆ, ತೂಕ ಬೇರೆ. ಗೋಡೆಯಷ್ಟು ದೊಡ್ಡ ಫ್ಲೆಕ್ಸಿಗೆ ಮಾಡಿದ ಫೋಟೋ ಬಹಳ ಭಾರ ಇರುತ್ತದೆ. ಮೊಬೈಲಿಗೆ ಅಷ್ಟು ಭಾರ ಬೇಕಾಗಿಲ್ಲ. ತೂಕ ಇಳಿಸಿದರೂ ಪರದೆಯ ಮೇಲೆ ಚಿತ್ರ ಅಷ್ಟೇ ದೊಡ್ಡದಾಗಿ, ಅಷ್ಟೇ ಚಂದ ಕಾಣುತ್ತದೆ. ಇನ್ನು ಫೋನ್ ನಂಬರನ್ನು ಚಿತ್ರದೊಳಗೆ ಯಾವತ್ತೂ ಹಾಕಬೇಡಿ. ಚಿತ್ರದಿಂದ ಬೇರೆಯಾಗಿ, ಬರೀ ಅಕ್ಷರದಲ್ಲಿ, ಎಲ್ಲಕ್ಕಿಂತ ಮೇಲೆ ಹಾಕಿಸಿ. ಅಕ್ಷರ ಹಗುರ, ಮೊದಲು ಬಂದು ನಿಲ್ಲುತ್ತದೆ. ಇಷ್ಟೆಲ್ಲ ಮಾಡಲು ಒಂದು ಚಾ ಕುಡಿಯುವಷ್ಟು ಹೊತ್ತು ಸಾಕು — ನೋಡಿ, ಉಪದೇಶ ಮಾಡಲು ನನಗೆ ಈಗಲೂ ನಾಚಿಕೆ ಇಲ್ಲ. ಇದೆಲ್ಲ ಅವತ್ತೂ ಗೊತ್ತಿತ್ತು ನನಗೆ. ಗೊತ್ತಿದ್ದೇ ಆ ಫ್ಲೆಕ್ಸಿನ ಫೈಲನ್ನು ಇದ್ದ ಹಾಗೇ ಎತ್ತಿ ಹಾಕಿದೆ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಬೋರ್ಡಿನ ಮೇಲಿದ್ದ ನಂಬರು ಹಳೇ ಕಾಲದ್ದು, ಅಳಿಸಿ ವೆಬ್‌ಸೈಟಿನ ಹೆಸರು ಬರೆಸಿ ಎಂದು ನಾನೇ ಹೇಳಿದೆ. ಬರೆಸಿದರು.

ಆ ಕವಲಿನಲ್ಲಿ ಸಿಗ್ನಲ್ ಬರುವುದು ಒಂದೇ ಕಡ್ಡಿ. ಜನ ಗಾಡಿ ನಿಲ್ಲಿಸುತ್ತಿದ್ದರು, ಬೋರ್ಡು ಓದಿ ಮೊಬೈಲು ತೆಗೆಯುತ್ತಿದ್ದರು. ಮೊದಲು ಬಿಳಿ. ಆಮೇಲೆ ಮೇಲಿಂದ ಗೆರೆ ಗೆರೆಯಾಗಿ ದೇವರು ಇಳಿಯಲು ಶುರು. ಕಿರೀಟ ಬರುತ್ತಿತ್ತು, ಹಣೆಯ ನಾಮ ಬರುತ್ತಿತ್ತು — ಅಲ್ಲಿಗೆ ನಿಲ್ಲುತ್ತಿತ್ತು. ನಂಬರು ಪಾದದ ಕೆಳಗೆ. ಪಾದದವರೆಗೆ ಕಾಯುವ ವ್ಯವಧಾನ ಯಾರಿಗಿದೆ?

ಫೋನ್ ಬರುವುದು ನಿಂತಿತು. ಅಂದಾಜಿನ ಮೇಲೆ ಮಾಡಿಟ್ಟ ಅಡುಗೆ ದನದ ಕಲಗಚ್ಚಿನ ಬಾನಿಗೆ ಹೋಯಿತು. ಮಾಡದೆ ಇದ್ದ ದಿನ ಯಾರೋ ಹುಡುಕಿಕೊಂಡು ಬಂದು ಹಸಿದು ಹೋದರು. ಕೊನೆಗೆ ಚಾ ಅಂಗಡಿಯವನು ತಾನು ಕಂಡದ್ದನ್ನು ಹೇಳಿದನಂತೆ. ಗಿರಿಜಕ್ಕ ಎರಡು ಬಸ್ಸು ಬದಲಿಸಿ ನನ್ನ ಅಂಗಡಿಗೆ ಬಂದರು. ಅವರ ಹತ್ತಿರ ಮೊಬೈಲೇ ಇರಲಿಲ್ಲ, ತಮ್ಮ ಸೈಟನ್ನು ತಾವೇ ತೆರೆದು ನೋಡಿದವರಲ್ಲ.

"ದೇವರು ಅರ್ಧಕ್ಕೇ ನಿಲ್ತಾನಂತೆ ತಮಾ. ಎಂತ ಆಗಿದೆ ಸಮಾ ನೋಡು."

ಅದೇ ವಾರ ಭಟ್ಕಳದಲ್ಲಿ ಒಂದು ಬಟ್ಟೆ ಅಂಗಡಿಯ ಸೈಟು ಮುಗಿಸಿದ್ದೆ. ಆ ಸಾಹೇಬರು ಸುಮ್ಮನೆ ಒಪ್ಪುವವರಲ್ಲ. ಸಿಗ್ನಲ್ ಸರಿಯಾಗಿ ಸಿಗದ ಹಿಂಬದಿಯ ಓಣಿಗೆ ನನ್ನನ್ನು ಕರೆದುಕೊಂಡು ಹೋಗಿ, "ಇಲ್ಲಿ ನಿಂತು ತೆಗೆದು ತೋರಿಸಿ ಭಾಯಿ, ಆಮೇಲೆ ಬಾಕಿ ಮಾತು" ಅಂದಿದ್ದರು. ಅಲ್ಲೇ ಫೋಟೋಗಳ ತೂಕ ಇಳಿಸಿ, ಅಲ್ಲೇ ತೆಗೆದು ತೋರಿಸಿದ್ದೆ. ಹಾಗಾಗಿ ಗೊತ್ತಿರಲಿಲ್ಲ ಎನ್ನುವ ಮಾತನ್ನು ನಾನು ಹೇಳುವಂತಿಲ್ಲ.

ಗಿರಿಜಕ್ಕನಿಗೆ ನಾನು ತೋರಿಸಿದ್ದು ನನ್ನ ಮೊಬೈಲು. ಹತ್ತು ಸಲ ತೆರೆದ ಪುಟ ಮೊಬೈಲಿನೊಳಗೇ ಕೂತಿರುತ್ತದೆ, ಮುಟ್ಟಿದ ಕೂಡಲೇ ಬರುತ್ತದೆ.

"ನೋಡಿ ಅಕ್ಕ, ಟಪ್ ಅಂತ ಬಂತು. ಸೈಟಿನಲ್ಲಿ ದೋಷ ಇಲ್ಲ. ನಿಮ್ಮಲ್ಲಿ ನೆಟ್‌ವರ್ಕ್ ಇಲ್ಲ, ದೇವರ ಫೋಟೋ ಭಾರ. ಸಣ್ಣ ಮಾಡ್ಬೇಡ ಅಂದವರು ನೀವೇ ಅಲ್ವಾ? ಈಗ ಮಾಡ್ಲಾ, ಹೇಳಿ."

ಬೇಡ ಎನ್ನುತ್ತಾರೆಂದು ಗೊತ್ತಿದ್ದೇ ಕೇಳಿದೆ. ಅರ್ಧ ಬೆಲೆಯ ಕೆಲಸಕ್ಕೆ ಮತ್ತೆ ಕೂರುವುದು ನನಗೆ ಬೇಡವಾಗಿತ್ತು.

ಅವರು ಅವತ್ತು ಚೌಕಾಸಿ ಮಾಡಲಿಲ್ಲ.

"ಬ್ಯಾಡ ತಮಾ. ಅವನನ್ನ ಸಣ್ಣ ಮಾಡಿ ನಾನು ಎಂತ ಉದ್ಧಾರ ಆಗೂದು."

ಎದ್ದು ಹೋದರು. ಬೋರ್ಡಿನ ಮೇಲೆ ಹಳೇ ನಂಬರನ್ನೇ ಮತ್ತೆ ಬರೆಸಿ ಎಂದು ನಾನೂ ಹೇಳಲಿಲ್ಲ, ಅವರಿಗೂ ಹೊಳೆಯಲಿಲ್ಲವೇನೋ. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಊಟದ ಮನೆ ಮುಚ್ಚಿತು ಎಂದು ಕೇಳಿದೆ. ಕೇಳಿ ಸುಮ್ಮನಿದ್ದೆ.

ಈ ವರ್ಷ ಕುಮಟಾದ ಒಂದು ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದೆ. ಬಡಿಸಲು ಬಂದವರು ಗಿರಿಜಕ್ಕ. ನನಗಿಂತ ಮೊದಲು ಅವರೇ ಗುರುತು ಹಿಡಿದರು. ಯಜಮಾನನನ್ನು ಕರೆದು, "ಇವ್ರೇ ನೋಡಿ ನಂಗೆ ವೆಬ್‌ಸೈಟ್ ಮಾಡಿಕೊಟ್ಟದ್ದು. ಚಲೋ ಮಾಡಿದ್ರು, ನನ್ನ ಹಟದಿಂದ ಹಾಳಾತು," ಅಂದರು. ನನ್ನ ಎಲೆಗೆ ಕೇಳದೆಯೇ ಇನ್ನೊಂದು ಸೌಟು ಸಾರು ಹಾಕಿದರು.

ಆರು ವರ್ಷ ಅವರು ಆ ತಪ್ಪನ್ನು ತಮ್ಮದೆಂದು ಹೇಳಿಕೊಂಡು ತಿರುಗಿದ್ದಾರೆ. ನನ್ನ ಹೆಸರನ್ನು ಚಲೋ ಎಂದೇ ಹೇಳುತ್ತ. ಎಲೆ ಮುಗಿಸಿ, ದುಡ್ಡು ಕೊಟ್ಟು ಹೊರಟುಬಂದೆ.

ಆ ಸೈಟು ಇನ್ನೂ ನನ್ನ ಖಾತೆಯಲ್ಲೇ ಉಳಿದಿತ್ತು, ಮರುದಿನ ಬೆಳಿಗ್ಗೆ ಕೂತು ಸರಿಮಾಡಿದೆ. ಆ ಪುಟವನ್ನು ಒಮ್ಮೆಯೂ ತೆರೆಯದ ಹೊಸ ಮೊಬೈಲೊಂದನ್ನು ಹಿಡಿದು ಕವಲುದಾರಿಗೆ ಹೋದೆ. ಬೋರ್ಡಿಗೆ ತುಕ್ಕು ಹಿಡಿದಿತ್ತು. ಅದೇ ಒಂದು ಕಡ್ಡಿ ಸಿಗ್ನಲ್. ನಂಬರು ಮೊದಲು ಬಂತು, ಹಿಂದೆಯೇ ದೇವರು, ಕಿರೀಟದಿಂದ ಪಾದದವರೆಗೆ. ಅಲ್ಲಿಂದ ನೇರ ಕುಮಟಾಕ್ಕೆ ಹೋಗಿ, ಖಾನಾವಳಿಯ ಹಿಂದಿನ ಬಾಗಿಲಲ್ಲಿ ಗಿರಿಜಕ್ಕನನ್ನು ನಿಲ್ಲಿಸಿ, ಎಲ್ಲ ಹೇಳಿದೆ. ಬೆಲೆ ಇಳಿಸಿದ್ದಕ್ಕೆ ಕೆಲಸ ಇಳಿಸಿದ್ದು, ಭಟ್ಕಳದ ಓಣಿ, ಟಪ್ ಅಂತ ಬಂದ ಪುಟದ ಮೋಸ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಏನಾದರೂ ಉತ್ತರ ಕೊಡಬಹುದಿತ್ತು, ಏನಾದರೂ ಕೊಟ್ಟು ಸರಿಮಾಡುತ್ತೇನೆ ಅನ್ನಬಹುದಿತ್ತು. ಮಾತು ಕುದುರಿಸುವುದೊಂದೇ ನನಗೆ ಬರುವುದು.

ಸೆರಗಿಗೆ ಕೈ ಒರೆಸಿಕೊಂಡು ಮೊಬೈಲು ಇಸಿದುಕೊಂಡರು.

"ಹಾಂಗಾರೆ ಸಣ್ಣ ಮಾಡದೇನೂ ಆಗ್ತಿತ್ತಾ?"

"ಆಗ್ತಿತ್ತು ಅಕ್ಕ."

ಪರದೆಯನ್ನು ಹಣೆಗೆ ಮುಟ್ಟಿಸಿಕೊಂಡು ವಾಪಸು ಕೊಟ್ಟರು. ಒಳಗಿನಿಂದ ಯಾರೋ ಕರೆದರು. ಹೋಗುವವರು ತಿರುಗಿ ನಿಂತರು.

"ಆ ನಂಬರು ತೆಗೆದುಬಿಡು ತಮಾ. ಆ ಫೋನು ಈಗ ಇಲ್ಲ. ಯಾರಾದ್ರೂ ಊಟಕ್ಕೆ ಅಂತ ಫೋನ್ ಹಚ್ಚಿ ಹಸಿದು ಕಾಯ್ತಾ ಕೂತ್ರೆ, ಪಾಪ."

ಅಂಗಡಿಗೆ ಬಂದು ತೆಗೆದೆ. ಈಗ ಆ ಪುಟದಲ್ಲಿರುವುದು ದೇವರು ಒಬ್ಬನೇ. ಮೊದಲಿಗಿಂತ ಇನ್ನೂ ಬೇಗ ತೆರೆಯುತ್ತದೆ.