ಒಡೆಯದ ತುಂಡು

ಬೈಂದೂರಿನ ಹೋಟೆಲಿನ ಬನ್ಸ್ ಬಿಸಿಯಾಗಿರುವಾಗಲೇ ತಿನ್ನಬೇಕು. ಆರಿದರೆ ಅದು ಹಲ್ಲಿಗೆ ಕೆಲಸ ಕೊಡುತ್ತದೆಯೇ ಹೊರತು ನಾಲಿಗೆಗಲ್ಲ. ಅಂದು ನನ್ನ ಬನ್ಸ್ ತಟ್ಟೆಯಲ್ಲೇ ಆರುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಕುಂದಾಪುರದಲ್ಲಿ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ, ಪ್ರಬಂಧದ ಬುಡದಲ್ಲೊಂದು ಬಿರುಕಿರುವುದು ನನಗೆ ಕಂಡದ್ದು ಅಂದು ಬೆಳಗ್ಗೆಯಷ್ಟೇ.

“ಎಂತ ಆಯ್ತ್ ಮಾರಾಯ್ತಿ, ತಿಂಬುಕೆ ಆತಿಲ್ಯಾ?” ಎಂದರು ಎದುರಿಗೆ ಕೂತ ನನ್ನ ಮಾರ್ಗದರ್ಶಕಿ ಮೇಡಂ. ಪರೀಕ್ಷೆಯ ಹೆದರಿಕೆ ಎಂದುಕೊಂಡಿರಬೇಕು.

ಬಿರುಕು ಎಂಥದ್ದೆಂದು ನಿಮಗೂ ಹೇಳಿಬಿಡುತ್ತೇನೆ, ಗಣಿತವೆಂದು ಓಡಿಹೋಗಬೇಡಿ. ಚುಕ್ಕಿಗಳು, ಅವುಗಳ ನಡುವೆ ಬಾಣಗಳು. ಇಂಥ ಚಿತ್ರದಿಂದ ಒಂದು ಬೀಜಗಣಿತ ಹುಟ್ಟುತ್ತದೆ, ಅದು ಆಡಿಸಿದಂತೆ ಆಡುವ ರಚನೆಗಳಿಗೆ ಮಾಡ್ಯೂಲ್ ಎಂದು ಹೆಸರು. ಪರಿಮಿತ ಆಯಾಮದ ಯಾವ ಮಾಡ್ಯೂಲನ್ನೇ ಒಡೆಯುತ್ತ ಹೋಗಿ, ಕೊನೆಗೆ ಇನ್ನು ಒಡೆಯಲಾರದ ತುಂಡುಗಳು ಉಳಿಯುತ್ತವೆ. ಅವನ್ನು ಗುರುತಿಸುವುದೇ ನಮ್ಮ ಕಸುಬು. ಆದರೆ ಒಡೆಯುವುದು ಯಾವ ಕ್ಷೇತ್ರದಲ್ಲಿ? ಹಟ್ಟಿಯಂಗಡಿಯಂಥ ದೇವರ ಕ್ಷೇತ್ರವಲ್ಲ ಮಹರಾಯರೆ, ಸಂಖ್ಯೆಗಳ ಕ್ಷೇತ್ರ. ವಾಸ್ತವ ಸಂಖ್ಯೆಗಳಲ್ಲಿ ಜಪ್ಪಯ್ಯ ಎಂದರೂ ಒಡೆಯದ ತುಂಡು, ಸಂಕೀರ್ಣ ಸಂಖ್ಯೆಗಳ ದೊಡ್ಡ ಕ್ಷೇತ್ರಕ್ಕೆ ಹೋದೊಡನೆ ಎರಡಾಗಿಬಿಡಬಹುದು. ನನ್ನ ಇಡೀ ಪ್ರಬಂಧ ನಿಂತದ್ದು ನಮ್ಮ ಬಗೆಯ ಚಿತ್ರಗಳಲ್ಲಿ ಅದು ಎರಡಾಗದು ಎಂಬ ಉಪಪ್ರಮೇಯದ ಮೇಲೆ, ಮತ್ತು ಆ ಉಪಪ್ರಮೇಯ ಮೇಡಂ ತಮ್ಮ ಹರೆಯದಲ್ಲಿ ಸಾಧಿಸಿದ್ದು. ಈ ಕಸುಬಿನಲ್ಲಿ ಅವರಿಗೊಂದು ಹೆಸರಿದ್ದರೆ ಅದರಿಂದಲೇ. ಅಂದು ಬೆಳಗ್ಗೆ ನನ್ನ ಕೈಗೆ ಸಿಕ್ಕಿದ್ದು ಎರಡಾಗುವ ಒಂದು ತುಂಡು.

ನಮ್ಮಿಬ್ಬರ ಒಡನಾಟವೂ ಅಂಥದ್ದೇ ಒಂದು ತುಂಡೋ ಏನೋ ಎಂಬ ಅಂಜಿಕೆ ಹುಟ್ಟಿತು. ಅವರ ಮನೆಯ ಜಗಲಿಯಲ್ಲಿ ಎಷ್ಟು ಜಗಳವಾಡಿದರೂ ಒಡೆಯದ್ದು, ಪರೀಕ್ಷಕರ ಎದುರು ಒಡೆದುಹೋದರೆ?

ಕುಂದಾಪುರದ ಬಸ್ಸು ಮರವಂತೆ ದಾಟಿದ ಮೇಲೆ ತಡೆಯಲಾರದೆ ಹೇಳಿಬಿಟ್ಟೆ. ಮೇಡಂ ನನ್ನ ಉದಾಹರಣೆಯನ್ನು ಕಿಟಕಿಯ ಧೂಳುಗಾಜಿನ ಮೇಲೆ ಬೆರಳಿನಿಂದ ಬರೆದು ನೋಡಿದರು, ಮತ್ತೆ ನೋಡಿದರು, ಸೆರಗಿನಿಂದ ಒರೆಸಿದರು.

“ಇವತ್ತ್ ಹೇಳ್ಬೇಡ,” ಎಂದರು. “ಪರೀಕ್ಷಕ್ರಿಗೆ ಕಂಡಿಲ್ಲ ಅಲ್ದಾ? ನಿಂಗೆ ಡಿಗ್ರಿ ಆಯ್ಲಿ. ಕಡಿಗೆ ಸರಿ ಮಾಡುವ.”

ನನಗೆ ಸಿಟ್ಟು ನೆತ್ತಿಗೇರಿತು. ಒಂದು ಚಿಹ್ನೆ ತಪ್ಪಿದರೆ ಇಡೀ ಪುಟ ಹರಿದು ಕೈಗಿಡುತ್ತಿದ್ದ ಮೇಡಂ ಇವರೇನಾ? ಸಿಟ್ಟಿನ ಬೆನ್ನಿಗೇ ಆಸೆಯೂ ಬಂತು, ಸುಳ್ಳೇಕೆ ಹೇಳಲಿ. ಸುಮ್ಮನಿದ್ದರೆ ಸಂಜೆಗೆ ನಾನು ಡಾಕ್ಟರ್.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಪ್ರಶ್ನೆಗಳನ್ನೆಲ್ಲ ಮುಗಿಸಿ, ಕನ್ನಡಕ ತೆಗೆದು, “ಇನ್ನೇನಾದರೂ ಹೇಳಲಿಕ್ಕಿದೆಯೇ?” ಎಂದರು. ನಾನು ಎದ್ದೆ. ಮೇಡಂ ಕಡೆ ನೋಡದೆ, “ಮೂರನೆಯ ಅಧ್ಯಾಯದ ಉಪಪ್ರಮೇಯ ತಪ್ಪು ಸರ್,” ಎಂದು ಬೋರ್ಡಿನ ಹತ್ತಿರ ಹೋಗಿ ತುಂಡನ್ನು ಒಡೆದು ತೋರಿಸಿದೆ.

“ಇಂಥ ತಪ್ಪನ್ನು ನೀವು ಪರೀಕ್ಷಿಸದೆ ಹೇಗೆ ಬಳಸಿದಿರಿ?” ಅವರ ದನಿ ಗಡುಸಾಗಿತ್ತು.

ಮೇಡಂ ಮೇಲಿನ ನಂಬಿಕೆಯಿಂದ ಎನ್ನಲಾರದೆ ನಾನು ಡಸ್ಟರ್ ಕೈಗೆತ್ತಿಕೊಂಡೆ. ಹಿಂದೆ ಕುರ್ಚಿ ಸರಿದ ಸದ್ದಾಯಿತು.

“ಅವಳದ್ದಲ್ಲ, ನನ್ನದು,” ಎಂದರು ಮೇಡಂ. “ಇಷ್ಟು ವರ್ಷ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.”

ಪದವಿ ಮುಂದಕ್ಕೆ ಹೋಯಿತು. ತಿದ್ದಿ ತನ್ನಿ ಎಂದರು ಪರೀಕ್ಷಕರು. ಬಸ್ ನಿಲ್ದಾಣದವರೆಗೆ ಮೇಡಂ ನನ್ನಿಂದ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಒಡೆಯಿತು, ಇನ್ನು ಮುಗಿಯಿತು ಎಂದೇ ಎಣಿಸಿದೆ. ಬೈಂದೂರಿನ ಬಸ್ಸು ಹತ್ತುವ ಮೊದಲು ಮೇಡಂ ತಿರುಗಿದರು, ಕಣ್ಣು ಕೆಂಪಾಗಿತ್ತು.

“ಎರಡ್ ತುಂಡ್ ಆದ್ರೆ ಎಂತ? ಎರಡನ್ನೂ ಸೇರ್ಸಿ ಲೆಕ್ಕ ಹಾಕುವ. ನಾಳೆ ಬಾ.”