ಕಿಸಕ್ಕನ ಸೀಟಿ

ನಗು ಆರೋಗ್ಯಕ್ಕೆ ಒಳ್ಳೆಯದು ಎಂದು ಉಪದೇಶ ಮಾಡುವವರು ಯಾರೂ ಶಾಲೆಯಲ್ಲಿ ಕಿಸಕ್ಕನ ಪಕ್ಕ ಕೂತವರಲ್ಲ. ಮೇಷ್ಟ್ರು ಯಾರಿಗಾದರೂ ಬೈದರೆ ಅವಳಿಗೆ ನಗು ಬರುತ್ತಿತ್ತು. ನಕ್ಕಿದ್ದಕ್ಕೆ ಅವಳಿಗೇ ಬೈದರೆ ಇನ್ನೂ ಜೋರಾಗಿ ಬರುತ್ತಿತ್ತು. ಕೊನೆಗೆ ಏನೂ ಮಾಡದ ಪಕ್ಕದವಳೂ ನಗಲು ಶುರುಮಾಡಿ, ಇಬ್ಬರೂ ಬಾಗಿಲ ಹೊರಗೆ ನಿಲ್ಲಬೇಕಾಗುತ್ತಿತ್ತು. ಕಿಸಿಕಿಸಿ ನಗುವ ಅಕ್ಕ, ಅದಕ್ಕೇ ಕಿಸಕ್ಕ. ನಲವತ್ತು ದಾಟಿದರೂ ಆ ಹೆಸರು ಬಿಡಲಿಲ್ಲ, ನಗುವೂ ಬಿಡಲಿಲ್ಲ.

ಅದು ಸಂತೋಷದ ನಗುವಲ್ಲ. ಗಾಬರಿಯಾದರೆ ಕೆಲವರ ಅಂಗೈ ಬೆವರುತ್ತದೆ, ಕೆಲವರ ನಾಲಿಗೆ ತೊದಲುತ್ತದೆ. ಕಿಸಕ್ಕನಿಗೆ ನಗು ಬರುತ್ತದೆ. ಮೊದಲು ಮೂಗಿನಲ್ಲಿ ಒಂದು ಸಣ್ಣ ಸದ್ದು, ಆಮೇಲೆ ಭುಜಗಳ ಕುಣಿತ, ಆಮೇಲೆ ದೇವರೇ ಗತಿ. ಒಂದು ಆಸ್ಪತ್ರೆಯ ಸ್ವಾಗತದ ಮೇಜಿನಲ್ಲಿ ಅವಳಿಗೆ ಒಳ್ಳೆಯ ಕೆಲಸವಿತ್ತು. ಒಂದು ದಿನ ದೊಡ್ಡ ಮನುಷ್ಯರೊಬ್ಬರು ಸೋಡಾ ಬಾಟಲಿಯಲ್ಲಿ ಬೆರಳು ಸಿಕ್ಕಿಸಿಕೊಂಡು ಬಂದು, ಬಾಟಲಿ ಸಮೇತ ಕೈಯೆತ್ತಿ, ಬಹಳ ಗಂಭೀರವಾಗಿ "ಡಾಕ್ಟರ್ ಇದ್ದಾರಾ?" ಎಂದು ಕೇಳಿದರು. ಆ ಕೆಲಸ ಅಲ್ಲಿಗೆ ಮುಗಿಯಿತು.

ಆಗ ಕೈಹಿಡಿದವಳು ಅವಳ ಸ್ವಂತ ಅಕ್ಕ. ಅಕ್ಕನ ಗಂಡನಿಗೆ ಪ್ರವಾಸಿಗರ ದೋಣಿಯಿತ್ತು. ಬೆಳಿಗ್ಗೆ ಹವಳದ ದಿಬ್ಬದ ಬಳಿ ನೀರಿಗಿಳಿದು ಮೀನು ನೋಡುವುದು, ಮಧ್ಯಾಹ್ನ ಮರಳ ದಂಡೆಯಲ್ಲಿ ಊಟ ಮತ್ತು ಬಿಸಿಲು, ಆಮೇಲೆ ಗವಿ, ಸಂಜೆಗೆ ವಾಪಸ್. ಮುಂದಿನ ಕೋಣೆಯಲ್ಲಿ ಅಕ್ಕ ಟಿಕೆಟ್ ಕೊಡುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಒಂದು ಮೋಟು ಸ್ಟೂಲು, ಎರಡು ತೊಟ್ಟಿ, ಗೋಡೆ ತುಂಬ ಮೊಳೆ. ಅಲ್ಲಿ ಕಿಸಕ್ಕ ಕೂತಳು. ಜನ ಹಾಕಿ ಬಿಚ್ಚಿದ ಮಾಸ್ಕುಗಳನ್ನೂ ಉಸಿರಾಡುವ ಕೊಳವೆಗಳನ್ನೂ ಸೋಪು ನೀರಿನಲ್ಲಿ ಉಜ್ಜಿ, ಒಳ್ಳೆಯ ನೀರಿನಲ್ಲಿ ಜಾಲಿಸಿ, ಮೊಳೆಗೆ ನೇತುಹಾಕುವುದು ಅವಳ ಕೆಲಸ. ಯಾರ ಮುಂದೂ ನಗುವ ಪ್ರಸಂಗವೇ ಬರದ ಕೋಣೆ ಅದು. ಭಾವ ಯೋಚಿಸಿಯೇ ಕೊಟ್ಟಿದ್ದರು.

ಭಾವ ನಗದ ಮನುಷ್ಯ. ಮದುವೆಯ ಫೋಟೋದಲ್ಲೂ ಪಾಸ್‌ಪೋರ್ಟಿಗೆ ಕೂತವರ ಹಾಗೆ ಕೂತಿದ್ದಾರೆ. ನಕ್ಕರೆ ಗಿರಾಕಿ ತಲೆ ಮೇಲೆ ಹತ್ತುತ್ತಾನೆ ಎಂಬುದು ಅವರ ವಾದ.

ಕೆಲಸ ಮುಗಿದ ಮೇಲೆ ಕಿಸಕ್ಕ ಒಂದು ಹಳೆಯ ಮಾಸ್ಕು ಹಾಕಿಕೊಂಡು ಒಬ್ಬಳೇ ನೀರಿಗಿಳಿಯುತ್ತಿದ್ದಳು. ನೀರಿನೊಳಗೆ ಬೈಯುವವರಿಲ್ಲ, ದಿಟ್ಟಿಸಿ ನೋಡುವವರಿಲ್ಲ. ಹಾಗಾಗಿ ನಗುವೂ ಬರುತ್ತಿರಲಿಲ್ಲ. ದಿಬ್ಬದ ಸಂದುಗೊಂದು ಅವಳಿಗೆ ಮನೆಯ ಅಡುಗೆಕೋಣೆಯಷ್ಟು ಪರಿಚಯವಾಗಿತ್ತು. ಒಂದಲ್ಲ ಒಂದು ದಿನ ಗೈಡಿನ ಸೀಟಿ ತನ್ನ ಕೊರಳಿಗೆ ಬರಬೇಕೆಂಬುದು ಅವಳ ಒಂದೇ ಆಸೆ. ಅದನ್ನು ಅಕ್ಕನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೇಳುವಾಗ ನಗು ಬಂದರೆ ನಂಬುವವರು ಯಾರು?

ಪ್ರವಾಸಿಗರು ಮುಗಿಬೀಳುವ ಕಾಲದಲ್ಲೇ ಇದ್ದ ಗೈಡು ಹೋಟೆಲೊಂದರ ಕೆಲಸ ಹಿಡಿದು ಹೊರಟುಹೋದ. ಕಿಸಕ್ಕ ಒದ್ದೆ ಕೈಯಲ್ಲೇ ಮುಂದಿನ ಕೋಣೆಗೆ ಬಂದಳು.

"ಭಾವ, ನಾನು ಕರ್ಕೊಂಡು ಹೋಗ್ತೀನಿ."

"ನೀನಾ? ಜನರನ್ನ ನೀರಿಗೆ ಇಳಿಸ್ತೀಯೋ, ಮುಳುಗಿಸ್ತೀಯೋ?"

"ಒಂದು ದಿನ ಕಳಿಸಿ ನೋಡಿ" ಎಂದಳು ಅಕ್ಕ. "ನಿಮಗಿಂತ ಚೆನ್ನಾಗಿ ಈಜ್ತಾಳೆ. ನೀವು ನೀರಿಗಿಳಿದು ಯಾವ ಕಾಲ ಆಯ್ತು? ಹೊಟ್ಟೆ ನೋಡ್ಕೊಂಡಿದ್ದೀರಾ?"

ಭಾವ ಹೊಟ್ಟೆಯನ್ನು ಒಳಗೆಳೆದುಕೊಂಡರು. "ಒಂದೇ ದಿನ. ನಾನೂ ದೋಣೀಲಿ ಬರ್ತೀನಿ. ಗಿರಾಕಿಗಳ ಮುಂದೆ ಒಂದು ಸಲ ಕಿಸಕ್ ಅಂದ್ಯೋ, ಅಲ್ಲೇ ಸೀಟಿ ವಾಪಸ್ಸು. ಆಚೆ ದಂಡೆಯ ಗೈಡಿಗೆ ಒಂದು ಫೋನ್ ಮಾಡಿದ್ರೆ ನಾಳೆನೇ ಬಂದು ನಿಲ್ತಾನೆ. ಆಮೇಲೆ ನೀನು ತೊಟ್ಟಿ ಬಿಟ್ಟು ಏಳೋ ಮಾತೇ ಇಲ್ಲ."

ಒಂದು ದಿನದ ಪ್ರಯೋಗಕ್ಕೆ ಹೆಚ್ಚು ಜನ ಬೇಡವೆಂದು ಭಾವ ಟಿಕೆಟ್ ಕಡಿಮೆ ಕೊಡಿಸಿದ್ದರಿಂದ ಮರುದಿನ ದೋಣಿಯಲ್ಲಿ ಮೂವರೇ ಗಿರಾಕಿಗಳು. ಒಬ್ಬರು ನಿವೃತ್ತ ಟ್ರಾಫಿಕ್ ಪೊಲೀಸ್, ಮೀಸೆ ಎರಡು ಕಿವಿಯ ಕಡೆಗೂ ಹೊರಟಂತಿತ್ತು. ಇನ್ನಿಬ್ಬರು ಅತ್ತೆ ಮತ್ತು ಸೊಸೆ. ಮಗ ಕೊನೆಯ ಗಳಿಗೆಯಲ್ಲಿ ಕೆಲಸದ ನೆಪ ಹೇಳಿ ತಪ್ಪಿಸಿಕೊಂಡಿದ್ದ. ದೋಣಿಯ ಮೂಲೆಯಲ್ಲಿ ಭಾವ ಪರೀಕ್ಷೆಯ ಕೋಣೆಯ ಮೇಲ್ವಿಚಾರಕರಂತೆ ಕೈಕಟ್ಟಿ ಕೂತಿದ್ದರು. ಕಿಸಕ್ಕ ಅವರ ಕಡೆ ನೋಡದೆ, ಹಲ್ಲು ಬಿಗಿಹಿಡಿದು ಮಾತಾಡಿದಳು.

"ಮಾಸ್ಕಿನ ಗಾಜಿಗೆ ಮಂಜು ಕಟ್ಟಬಾರದು ಅಂದ್ರೆ, ಒಳಗಡೆ ಉಗುಳಿ ಒರೆಸ್ಬೇಕು."

"ಉಗುಳೋದಾ?" ಎಂದರು ಪೊಲೀಸ್. "ಅಮ್ಮಾ, ಸರ್ವೀಸು ಪೂರ್ತಿ ಉಗುಳಿದವರಿಗೆ ದಂಡ ಹಾಕಿದವನು ನಾನು."

"ಹಾಗಾದ್ರೆ ದಂಡ ಕಟ್ಟಿ ಉಗುಳಿ" ಎಂದರು ಅತ್ತೆ.

ಕಿಸಕ್ಕನ ಮೂಗಿನಲ್ಲಿ ಸದ್ದು ಹೊರಟಿತು. ಅದನ್ನು ಕೆಮ್ಮಾಗಿ ತಿರುಗಿಸಿದಳು. ಭಾವನ ಹುಬ್ಬು ಮೇಲೇರಿತು. ಅವಳು ಲಗುಬಗೆಯಿಂದ ಮುಂದುವರಿದಳು: ಮೀಸೆಯಿದ್ದವರಿಗೆ ಮಾಸ್ಕಿನ ರಬ್ಬರು ಸರಿಯಾಗಿ ಕೂರುವುದಿಲ್ಲ, ಮೀಸೆಗೆ ವ್ಯಾಸಲೀನ್ ಮೆತ್ತಬೇಕು. ಇನ್ನೊಂದು ಮುಖ್ಯ ಮಾತು, ನೀರೊಳಗೆ ನಗಬಾರದು. ನಕ್ಕರೆ ಕೆನ್ನೆ ಮೇಲೇರುತ್ತದೆ, ರಬ್ಬರು ಎದ್ದುಕೊಳ್ಳುತ್ತದೆ, ಮಾಸ್ಕಿನೊಳಗೆ ನೀರು ನುಗ್ಗುತ್ತದೆ.

"ನಮ್ಮ ಅತ್ತೆಗೆ ಆ ಭಯ ಇಲ್ಲ" ಎಂದಳು ಸೊಸೆ. "ನಾನು ಬಂದಾಗಿನಿಂದ ನಕ್ಕಿದ್ದೇ ಇಲ್ಲ."

"ನೀನು ಮಾಡಿದ ಅಡುಗೆ ಉಂಡು ನಗೋದು ಹೇಗಮ್ಮ?"

ಕಿಸಕ್ಕ ಇನ್ನೊಮ್ಮೆ ಕೆಮ್ಮಿದಳು.

ನೀರಿಗಿಳಿದ ಮೇಲೆ ಎಲ್ಲ ಹೂವೆತ್ತಿದಷ್ಟು ಸಲೀಸಾಯಿತು. ಅವಳು ಕೈತೋರಿದಲ್ಲಿ ಮೂರು ತಲೆಗಳೂ ತಿರುಗಿದವು. ಹಳದಿ ಪಟ್ಟೆಯ ಮೀನಿನ ಹಿಂಡೊಂದು ಅವರನ್ನು ಸುತ್ತಿ ಹೋಯಿತು. ಅತ್ತೆ ಆನಂದ ತಡೆಯಲಾರದೆ ಸೊಸೆಯ ಕೈ ಹಿಡಿದರು, ಹಿಡಿದದ್ದು ನೆನಪಾಗಿ ಬಿಟ್ಟರು, ಬಿಳಿಯ ಮರಳಿನಲ್ಲಿ ಏನೋ ಕದಲಿದ್ದನ್ನು ಕಂಡು ಮತ್ತೆ ಹಿಡಿದರು. ಕಿಸಕ್ಕನಿಗೆ ಎದೆ ಹಗುರವಾಗಿ, ಈ ನೀರಿನಲ್ಲೇ ಒಂದು ಲಾಗ ಹಾಕೋಣ ಅನ್ನಿಸಿತು. ದೋಣಿಯಂಚಿನಿಂದ ಭಾವ ಬಗ್ಗಿ ನೋಡುತ್ತಿದ್ದರು. ಬೈಯಲು ಅವರಿಗೆ ಒಂದೂ ಕಾರಣ ಸಿಕ್ಕಿರಲಿಲ್ಲ.

ಕಾರಣವನ್ನು ಒದಗಿಸಿದ್ದು ಒಂದು ಹೆಬ್ಬೆರಳು ಗಾತ್ರದ ಮೀನು. ಅದಕ್ಕೆ ಪೊಲೀಸರ ಮೀಸೆ ಬಹಳ ಹಿಡಿಸಿತು. ಹತ್ತಿರ ಬಂದು ತುದಿಯನ್ನು ಕಚ್ಚಿ ಎಳೆಯಿತು. ಪೊಲೀಸ್ ಅಭ್ಯಾಸಬಲದಿಂದ ಅಂಗೈಯನ್ನು ನೆಟ್ಟಗೆ ಮುಂದೆ ಚಾಚಿದರು: ನಿಲ್ಲು! ಮೀನು ನಿಜಕ್ಕೂ ನಿಂತಿತು. ಅವರು ಇನ್ನೊಂದು ಕೈಯಿಂದ ಎಡಕ್ಕೆ ತೋರಿಸಿದರು. ಮೀನು ಎಡಕ್ಕೆ ಹೋಯಿತು.

ಕಿಸಕ್ಕನ ಭುಜ ಕುಣಿಯಿತು. ಕೊಳವೆಯೊಳಗಿಂದ ಎತ್ತು ಗುಟುರು ಹಾಕಿದಂತಹ ಸದ್ದು ಮೇಲೆದ್ದಿತು. ಅದನ್ನು ಕೇಳಿ ಸೊಸೆ ನಕ್ಕಳು, ಸೊಸೆಯನ್ನು ನೋಡಿ ಅತ್ತೆ ನಕ್ಕರು, ಮೂರು ಮಾಸ್ಕುಗಳಲ್ಲೂ ನೀರು ತುಂಬಿತು. ಮೂವರೂ ಒಟ್ಟಿಗೆ ತಲೆಯೆತ್ತಿ, ಉಪ್ಪುನೀರು ಕಾರುತ್ತ, ಒಬ್ಬರ ಭುಜ ಒಬ್ಬರು ಹಿಡಿದು ಕೇಕೆ ಹಾಕಿ ನಕ್ಕರು. ಪೊಲೀಸರೊಬ್ಬರೇ ಏನಾಯಿತೆಂದು ತಿಳಿಯದೆ ಮೀನಿಗೆ ದಾರಿ ತೋರಿಸುತ್ತಲೇ ಇದ್ದರು.

ದೋಣಿ ಹತ್ತಿದಾಗ ಭಾವ ಅಂಗೈ ಚಾಚಿದರು. ಕಿಸಕ್ಕ ಸೀಟಿಯನ್ನು ಬಿಚ್ಚಿ ಅದರ ಮೇಲಿಟ್ಟಳು.

"ಪಾಪ, ಯಾಕೆ ಕಿತ್ಕೊಂಡ್ರಿ?" ಎಂದರು ಅತ್ತೆ.

"ನಮ್ಮ ಮನೆ ವಿಚಾರ" ಎಂದು ಭಾವ ಸೀಟಿಯನ್ನು ತಮ್ಮ ಕೊರಳಿಗೇ ಹಾಕಿಕೊಂಡರು. "ಗವಿ ನಾನೇ ತೋರಿಸ್ತೀನಿ. ಅವಳು ಹಿಂದೆ ಬರ್ತಾಳೆ."

ಮರಳ ದಂಡೆಯಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಕಲ್ಲಂಗಡಿ ಹಣ್ಣಿನ ಊಟ. ಪೊಲೀಸರ ಮೀಸೆಯಲ್ಲಿ ವ್ಯಾಸಲೀನಿಗೆ ಮರಳು ಮೆತ್ತಿ, ಅದು ಪಾತ್ರೆ ಉಜ್ಜುವ ಬ್ರಶ್ಶಿನಂತಾಗಿತ್ತು. ಅತ್ತೆ ಅಂಗಾತ ಮಲಗಿ ಆಕಾಶಕ್ಕೆ ಹೇಳಿಕೊಂಡು ನಗುತ್ತಿದ್ದರು: "ಎಡಕ್ಕೆ ಹೋಯ್ತಲ್ಲೇ!" ಕಿಸಕ್ಕ ನಗಲಿಲ್ಲ. ಕಳೆದುಕೊಳ್ಳುವುದಕ್ಕೆ ಇನ್ನೇನೂ ಉಳಿಯದ ಮೇಲೆ ಗಾಬರಿಯೂ ಇರಲಿಲ್ಲ. ನಾಳೆಯಿಂದ ಎರಡು ತೊಟ್ಟಿ, ಗೋಡೆ ತುಂಬ ಮೊಳೆ. ಅವಳು ಕಲ್ಲಂಗಡಿಯ ಬೀಜಗಳನ್ನು ಒಂದೊಂದಾಗಿ ಮರಳಿಗೆ ಒತ್ತುತ್ತ ಕೂತಳು. ಭಾವ ಮಾತ್ರ ಗೆದ್ದವರ ಹಸಿವಿನಲ್ಲಿ ಉಳಿದ ಮೊಟ್ಟೆಗಳನ್ನೆಲ್ಲ ಮುಗಿಸಿದರು.

ಗವಿಗೆ ಎರಡು ಕೋಣೆ. ಹೊರಕೋಣೆಯ ನೆಲ ಕಡಲಿನ ಭರತ ಬಂದಾಗ ಮುಳುಗುತ್ತದೆ. ಇಳಿತವಿರುವಾಗಲೇ ಹೋಗಿ ಬರಬೇಕು. ಒಳಕೋಣೆಗೆ ಹೋಗಲು ಬಂಡೆಯಲ್ಲಿ ಒಂದು ಕಿಂಡಿ. ಒಳಗೆ ಇಳಿಜಾರು, ಹಾಗಾಗಿ ಹೋಗುವಾಗ ಎಲ್ಲರೂ ಮಕ್ಕಳ ಜಾರುಬಂಡೆಯಲ್ಲಿ ಜಾರಿದಂತೆ ಸಲೀಸಾಗಿ ಜಾರಿದರು. ಭಾವನೂ ಜಾರಿದರು. ಟಾರ್ಚಿನ ಬೆಳಕಿಗೆ ಒಳಗೋಡೆಯ ಹರಳುಗಳು ಸಕ್ಕರೆ ಎರಚಿದಂತೆ ಮಿನುಗಿದವು. ಭಾವ ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಪೀಪೀ ಎಂದು ಊದಿ ಎಲ್ಲರನ್ನೂ ಹೊರಡಿಸಿದರು. ಒಬ್ಬೊಬ್ಬರೇ ಹತ್ತಿ ಹೊರಗೆ ಬಂದರು. ಕೊನೆಗೆ ಭಾವ.

ಅವರ ತಲೆ ಬಂತು, ಭುಜ ಬಂತು, ಕೈಗಳು ಪಕ್ಕಕ್ಕೆ ಒತ್ತಿಕೊಂಡವು, ಅಂಗಿ ಮುದುಡಿ ಗಂಟಾಯಿತು. ಹೊಟ್ಟೆ ಬರಲಿಲ್ಲ.

"ಹಿಂದೆ ಹೋಗಿ, ಇನ್ನೊಂದು ಸಲ ಬನ್ನಿ" ಎಂದರು ಪೊಲೀಸ್.

ಹಿಂದೆಯೂ ಹೋಗಲಾಗಲಿಲ್ಲ. ಪೊಲೀಸ್ ಎದುರಿಗೆ ನಿಂತು, ಲಾರಿಯನ್ನು ಓಣಿಯಿಂದ ತೆಗೆಸುವವರಂತೆ ಎರಡು ಕೈಗಳನ್ನೂ ಆಡಿಸತೊಡಗಿದರು. "ಸ್ವಲ್ಪ ಬಲಕ್ಕೆ... ಬರ್ಲಿ, ಬರ್ಲಿ... ಸಾಕು, ಸಾಕು!"

ಅತ್ತೆ, ಸೊಸೆ ಆಚೀಚೆಯ ಭುಜ ಹಿಡಿದೆಳೆದರು. ಭಾವ ಜಪ್ಪಯ್ಯ ಎಂದರೂ ಕದಲಲಿಲ್ಲ. ಅಷ್ಟರಲ್ಲಿ ಹೊರಕೋಣೆಯ ನೆಲದ ಮೇಲೆ ತೆಳ್ಳಗೆ ನೀರು ಹರಿದುಬಂದು ಎಲ್ಲರ ಪಾದ ನೆನೆಸಿತು. ಭರತ ಶುರುವಾಗಿತ್ತು.

"ನಮ್ಮನೆಗೆ ಫ್ರಿಜ್ ತಂದಾಗಲೂ ಹೀಗೇ ಬಾಗಿಲಲ್ಲಿ ಸಿಕ್ಕಿಕೊಳ್ತು" ಎಂದರು ಅತ್ತೆ. "ಕೊನೆಗೆ ಬಾಗಿಲೇ ಕಿತ್ತಿದ್ವಿ."

"ಇಲ್ಲಿ ಯಾವ ಬಾಗಿಲು ಕೀಳೋಣ ಅತ್ತೆ?"

ಕಿಸಕ್ಕನ ಮೂಗು ಸದ್ದು ಮಾಡಿತು. ಭಾವನ ಕಣ್ಣು ಕೆಂಪಾಯಿತು. ನಗಬೇಡ ಎಂದು ಗುಡುಗಲು ಅವರು ಎದೆ ತುಂಬ ಉಸಿರೆಳೆದರು, ಇನ್ನಷ್ಟು ಉಬ್ಬಿ ಇನ್ನಷ್ಟು ಬಿಗಿಯಾದರು. ಸೀಟಿ ಹಲ್ಲಿನ ನಡುವೆಯೇ ಇತ್ತು. ತೆಗೆಯಲು ಕೈಯಿಲ್ಲ, ಉಗುಳಲು ಹೊಳೆಯಲಿಲ್ಲ. ಗುಡುಗು ಹೊರಗೆ ಬಂದದ್ದು "ಪೀ!" ಎಂದು. ಸೀಟಿ ಕೇಳಿದ್ದೇ ಪೊಲೀಸ್ ಕೈಯೆತ್ತಿ ಸ್ತಬ್ಧರಾಗಿ ನಿಂತುಬಿಟ್ಟರು.

ಇನ್ನು ತಡೆಯುವುದು ಯಾರಿಂದಲೂ ಆಗುವ ಮಾತಾಗಿರಲಿಲ್ಲ. ಕಿಸಕ್ಕ ಬಂಡೆಗೆ ಒರಗಿ, ಹೊಟ್ಟೆ ಹಿಡಿದು, ಉಸಿರೆಲ್ಲ ಖಾಲಿಯಾಗುವವರೆಗೆ ನಕ್ಕಳು. ಗವಿ ಆ ನಗುವನ್ನು ನಾಲ್ಕು ಪಾಲು ಮಾಡಿ ತಿರುಗಿ ಕೊಟ್ಟಿತು. ನಗುವಿನ ಕೊನೆಗೆ, ಹೊಟ್ಟೆ ಬೆನ್ನಿಗಂಟಿ ಎಳೆದುಕೊಳ್ಳಲು ಉಸಿರೇ ಇಲ್ಲದ ಆ ಗಳಿಗೆಯಲ್ಲಿ, ಅವಳಿಗೆ ಥಟ್ಟನೆ ಹೊಳೆಯಿತು. ಈ ಗಳಿಗೆಯನ್ನು ಅವಳಷ್ಟು ಬಲ್ಲವರು ಇನ್ನಾರು? ಸೊಂಟದ ಪಟ್ಟಿ ಸಡಿಲವಾಗಿ ಜಾರುವುದು ಯಾವಾಗಲೂ ಆಗಲೇ.

"ಎಳೀಬೇಡಿ!" ಎಂದು ಕೂಗಿದಳು. "ಮೊದ್ಲು ನಗಿಸಿ! ಭಾವ, ನಗಿ!"

"ಪೀ!" ಎಂದರು ಭಾವ, ಉರಿದುಬಿದ್ದು.

"ಬೈರಿ ಭಾವ, ಚೆನ್ನಾಗಿ ಬೈರಿ!"

"ಪೀ, ಪೀಪೀ, ಪೀ!"

"ಏನಂತಾರೆ?" ಎಂದರು ಅತ್ತೆ.

"ಎಡಕ್ಕೆ ಹೋಗು ಅಂತಾರೆ" ಎಂದಳು ಸೊಸೆ.

ಆಗ ಅದು ನಡೆಯಿತು. ಭಾವ ಇನ್ನೊಮ್ಮೆ ಬೈಯಲು ಹೋಗಿ, ತಮ್ಮದೇ ಪೀಪಿಯನ್ನು ಕೇಳಿಸಿಕೊಂಡರು. ಮುಖದ ಗಂಟು ಒಂದು ಕಡೆಯಿಂದ ಸಡಿಲವಾಯಿತು. ಸೀಟಿ ಸಣ್ಣಗೆ "ಪಿ" ಎಂದಿತು. ಆಮೇಲೆ "ಪಿಪಿ". ಆಮೇಲೆ ಪಿಪಿಪಿಪಿಪೀ ಎಂದು ಉಸಿರು ತೆಗೆದುಕೊಳ್ಳಲು ಪುರುಸೊತ್ತಿಲ್ಲದಂತೆ ಊದಿಕೊಂಡೇ ಹೋಯಿತು. ಕಣ್ಣಲ್ಲಿ ನೀರು, ಕಿವಿ ಕೆಂಪು, ಎದೆ ಇಳಿಯಿತು, ಹೊಟ್ಟೆ ಇಳಿಯಿತು.

"ಈಗ ಎಳೀರಿ!"

ನಾಲ್ವರೂ ಎಳೆದರು. ಭಾವ ಒದ್ದೆ ಕೈಯಿಂದ ಜಾರಿದ ಸೋಪಿನಂತೆ ಹೊರಬಿದ್ದು, ಎಲ್ಲರನ್ನೂ ಕಣಕಾಲುದ್ದದ ನೀರಿನಲ್ಲಿ ಕೆಡವಿದರು. ಬಿದ್ದಲ್ಲೇ ಇನ್ನೂ ಪಿಪಿಪಿ ಎನ್ನುತ್ತಿದ್ದರು.

ದೋಣಿಯಲ್ಲಿ ಅವರ ಮುಖ ಪಾಸ್‌ಪೋರ್ಟಿಗೆ ಮರಳಿತು. ಅರ್ಧ ದಾರಿಯವರೆಗೆ ಯಾರ ಕಡೆಯೂ ನೋಡಲಿಲ್ಲ. ಆಮೇಲೆ ಕೊರಳಿನಿಂದ ಸೀಟಿ ತೆಗೆದು ಕಿಸಕ್ಕನ ಮಡಿಲಿಗೆ ಎಸೆದರು.

"ತೊಳ್ದು ಹಾಕ್ಕೋ."

ಅಂದು ಸಂಜೆ ಕಿಸಕ್ಕ ಅಭ್ಯಾಸದಂತೆ ಮಾಸ್ಕುಗಳ ಬುಟ್ಟಿ ಹೊತ್ತು ಹಿಂದಿನ ಕೋಣೆಗೆ ಹೋದಳು. ಬುಟ್ಟಿಯನ್ನು ಭಾವ ಅವಳ ಕೈಯಿಂದ ಕಿತ್ತುಕೊಂಡರು. ಗೈಡಾದವಳು ಮಾಸ್ಕು ತೊಳೆಯುವುದು ತಮ್ಮ ಕಂಪನಿಯಲ್ಲಿ ಪದ್ಧತಿಯಿಲ್ಲ, ಬೇರೆ ಯಾರಾದರೂ ಸಿಗುವ ತನಕ ತಾವೇ ನೋಡಿಕೊಳ್ಳುವುದಾಗಿ ಹೇಳಿ, ಮೋಟು ಸ್ಟೂಲಿನ ಮೇಲೆ ಕೂತರು.

ಮುಂದಿನ ಕೋಣೆಯಲ್ಲಿ ಅಕ್ಕ ಕಾದಿದ್ದಳು. "ಏನಾಯ್ತೇ? ನಕ್ಯಾ?"

"ನಕ್ಕೆ."

"ಅಯ್ಯೋ, ಹಾಳಾದವಳೇ! ಒಂದೇ ಒಂದು ದಿನ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವಾ?"

"ಭಾವನೂ ನಕ್ಕರು ಅಕ್ಕ."

ಅಕ್ಕ ಟಿಕೆಟ್ಟಿನ ಕಟ್ಟನ್ನು ಕೆಳಗಿಟ್ಟಳು. ತಂಗಿಯ ಕೊರಳಿನ ಸೀಟಿಯನ್ನು ನೋಡಿದಳು, ಮುಖವನ್ನು ನೋಡಿದಳು.

"ಯಾವ ಭಾವ?"