ಅಣ್ಣನ ಗಾಡಿಯ ಸೆಟ್ಟು

ಅಣ್ಣ ಹೋದದ್ದು ಭಟ್ಕಳ ಬಂದರಿನಲ್ಲಿ, ಬೆಳಗಿನ ಮೀನು ಹರಾಜಿನ ಹೊತ್ತಿಗೆ. ಎದೆ ಹಿಡಿದುಕೊಂಡು ಬುಟ್ಟಿಗಳ ಪಕ್ಕ ಕುಳಿತವನು ಮತ್ತೆ ಏಳಲಿಲ್ಲ. ಆಂಬುಲೆನ್ಸಿನಲ್ಲಿ ಹಳದೀಪುರದ ಮನೆಗೆ ತಂದೆವು, ಸಂಜೆಯೊಳಗೆ ಎಲ್ಲ ಮುಗಿಯಿತು. ಅವನ ಕಾರು ಮಾತ್ರ ಬಂದರಿನಲ್ಲೇ ಉಳಿದಿತ್ತು. ಮರುದಿನ ನಾನು ಬಸ್ಸು ಹತ್ತಿ ಹೋಗಿ ಅದನ್ನು ತಂದೆ.

ಕೀ ತಿರುಗಿಸಿದ್ದೇ ತಡ, ಚಂಡೆ ಹೊಡೆಯಿತು. ಅಣ್ಣನಿಗೆ ಯಕ್ಷಗಾನದ ಹುಚ್ಚು, ಪೆನ್‌ಡ್ರೈವ್ ತುಂಬ ಪ್ರಸಂಗಗಳೇ. ಹಾಡಿನ ಸೆಟ್ಟು ಗಾಡಿಯ ಕಂಪನಿಯಿಂದಲೇ ಬಂದದ್ದು. ಮೀನಿನ ಕೈ, ಉಪ್ಪುನೀರಿನ ಕೈ ತಾಗಿ ತಾಗಿ ಅದರ ಗುಂಡಿಗಳೆಲ್ಲ ಸತ್ತಿದ್ದವು. ಪೆನ್‌ಡ್ರೈವಿನ ಹಿಂಬದಿ ಮುರಿದು ಉಳಿದರ್ಧ ಒಳಗೇ ಕಚ್ಚಿಕೊಂಡಿತ್ತು. ಬಂದ್ ಮಾಡಲಿಕ್ಕೂ ಆಗದು, ಸದ್ದು ತಗ್ಗಿಸಲಿಕ್ಕೂ ಆಗದು. ಹೊನ್ನಾವರದ ಸೇತುವೆ ಮೇಲೆ ಬರುವಾಗ ಭಾಗವತರು ಯುದ್ಧದ ಪದ ಹೇಳುತ್ತಿದ್ದರು. ಬೈಕಿನವರು ತಿರುಗಿ ತಿರುಗಿ ನೋಡಿದರು. ಸಾವಿನ ಮನೆಯವನು ಬಯಲಾಟದ ಪ್ರಚಾರಕ್ಕೆ ಹೊರಟವನ ಹಾಗೆ ಬರುತ್ತಿದ್ದೇನಲ್ಲ, ಕರ್ಮವೇ, ಎಂದುಕೊಂಡೆ. ಅಷ್ಟೇ. ದುಃಖ ಅಂತ ಏನೂ ಆಗಲಿಲ್ಲ.

ಹೆದ್ದಾರಿ ಬಿಟ್ಟು ನಮ್ಮ ಕೇರಿಗೆ ತಿರುಗಿದ್ದೇ, ಸದ್ದು ಮನೆಗೆ ಕೇಳಿಸಿರಬೇಕು, ಅಮ್ಮ ಜಗಲಿಯಿಂದ ಎದ್ದು ಬಂದು ಗೇಟು ತೆಗೆದಳು. ಮಾತಾಡಿಸಲು ಬಂದಿದ್ದ ಹೆಂಗಸರೆಲ್ಲ ಹೋ ಎಂದು ಅತ್ತರು. ‘ದೊಡ್ಡ ಮಗ ಬಂದ ಅಂದ್ಕಂಡ್ಲು, ಪಾಪ’ ಎಂದು ಯಾರೋ ಹೇಳಿದ್ದು ನನಗೂ ಕೇಳಿಸಿತು. ನಾನು ಸ್ಟೇರಿಂಗ್ ಹಿಡಿದು ಕೂತೇ ಇದ್ದೆ.

ನನ್ನ ಕೆಲಸ ಕುಮಟೆಯ ಒಂದು ಕಾಲೇಜಿನ ಆಫೀಸಿನಲ್ಲಿ. ಅಲ್ಲಿಯತನಕ ಬಸ್ಸಿನಲ್ಲೇ ಹೋಗಿ ಬರುತ್ತಿದ್ದೆ. ‘ಉಪ್ಪು ಗಾಳಿಗೆ ಗಾಡಿ ನಿಂತಲ್ಲೇ ತುಕ್ಕು ಹಿಡೀತದೆ. ನೀನೇ ಓಡ್ಸು, ತಮ್ಮ’ ಎಂದಳು ಅತ್ತಿಗೆ. ಆತು ಎಂದೆ. ಆ ದಿನಗಳಲ್ಲಿ ಯಾರು ಏನೇ ಹೇಳಿದರೂ ಆತು ಎನ್ನುತ್ತಿದ್ದೆ. ಊಟ ಮಾಡು ಎಂದರೆ ಮಾಡುತ್ತಿದ್ದೆ, ಮಲಗು ಎಂದರೆ ಮಲಗುತ್ತಿದ್ದೆ. ಅಣ್ಣ ಸತ್ತಿದ್ದಾನೆ, ಅಳು ಬರುವುದಿಲ್ಲ. ನಾನೆಂತ ಮನುಷ್ಯನೋ ಎಂದು ನನ್ನ ಮೇಲೆ ನನಗೇ ಸಿಟ್ಟು ಬರಬೇಕಿತ್ತು. ಅದೂ ಬರಲಿಲ್ಲ.

ದಿನಾ ಸಂಜೆ ಅದೇ ಕತೆ. ಕೇರಿಯ ತಿರುವಿನಲ್ಲಿ ಚಂಡೆ, ಗೇಟಿನಲ್ಲಿ ಅಮ್ಮ. ಅವಳು ಎರಡೂ ಕೈಯಿಂದ ಆ ಕಬ್ಬಿಣದ ಗೇಟು ಎಳೆಯುತ್ತ ಗಾಡಿಯ ಒಳಗೆ ಇಣುಕುತ್ತಿದ್ದಳು. ಇಣುಕಿ, ನನ್ನ ಮುಖ ನೋಡಿ, ಸುಮ್ಮನಾಗುತ್ತಿದ್ದಳು. ದಿನಕ್ಕೊಮ್ಮೆ ಅವಳ ಮಗನನ್ನು ಬದುಕಿಸಿ ತಂದು, ಗೇಟಿನೆದುರು ನಾನೇ ಮತ್ತೆ ಸಾಯಿಸುತ್ತಿದ್ದೇನೆ ಅನಿಸುತ್ತಿತ್ತು. ಅವಳ ಕಣ್ಣು ತಪ್ಪಿಸಲು ಡ್ಯಾಶ್‌ಬೋರ್ಡ್ ನೋಡುತ್ತ ಕೂರುತ್ತಿದ್ದೆ.

ಒಂದು ಮಳೆಯ ಸಂಜೆ ಗೇಟಿನ ಹತ್ತಿರ ಪಾಚಿಗೆ ಜಾರಿ ಬಿದ್ದಳು. ಮೊಣಕಾಲು ಗುಮ್ಮಟದಂತೆ ಊದಿತು. ಹೊನ್ನಾವರದ ಡಾಕ್ಟ್ರು, ಮೂಳೆ ಮುರಿಯಲಿಲ್ಲ, ಪುಣ್ಯ, ಇನ್ನೊಮ್ಮೆ ಬಿದ್ದರೆ ಹಾಸಿಗೆಯೇ ಗತಿ ಎಂದರು. ಅಷ್ಟು ಹೇಳಿದರೂ ಊತ ಇಳಿಯುವ ಮೊದಲೇ ಅವಳು ಗೋಡೆ ಹಿಡಿದುಕೊಂಡು ಗೇಟಿಗೆ ಹಾಜರ್.

ಅತ್ತಿಗೆ ನನ್ನನ್ನು ಅಡಿಗೆಮನೆಗೆ ಕರೆದಳು. ‘ಮೊದ್ಲು ಆ ಸೆಟ್ಟು ಬದಲ್ಸು. ಅದರ ಸದ್ದು ಕೇಳ್ತೇ ಇದ್ರೆ ಅತ್ತೆ ಓಡೂದು ಬಿಡೂದಿಲ್ಲ. ಅವರನ್ನೂ ಕಳ್ಕಳ್ಳೂಕೆ ನನ್ ಹತ್ರ ಆಗೂದಿಲ್ಲ.’

ಕುಮಟೆಯ ಎಲೆಕ್ಟ್ರಿಷಿಯನ್, ಫ್ಯೂಸ್ ಕಿತ್ತರೆ ಮುಗೀತು, ಆದರೆ ಒಳಗಿನ ಲೈಟೂ ಹೋಗುತ್ತದೆ ಎಂದ. ಈ ಗಾಡಿಗೆ ಕೂರುವ ಹೊಸ ಸೆಟ್ಟು ಬೇಕಾದರೆ ಭಟ್ಕಳದಲ್ಲಿ ನೋಡಿ ಎಂದ. ಹಾಗೆ ಮತ್ತೆ ಭಟ್ಕಳಕ್ಕೆ ಹೋದೆ. ಬಂದರಿನ ಕಡೆ ತಿರುಗುವ ರಸ್ತೆ ಬಂದಾಗ ಆಚೆ ಮುಖ ಮಾಡಿಕೊಂಡೆ.

ಅಂಗಡಿಯವರು ಗಲ್ಫಿನಲ್ಲಿ ಇದೇ ಕೆಲಸ ಮಾಡಿ ಬಂದವರು. ಫೋನಿನಲ್ಲಿ ಯಾರಿಗೋ ತಮ್ಮ ನವಾಯತಿ ಭಾಷೆಯಲ್ಲಿ ಬೈಯುತ್ತಲೇ ಸೆಟ್ಟಿನ ಸುತ್ತಲಿನ ಚೌಕಟ್ಟು ಎಬ್ಬಿಸಿದರು. ಹಿಂದೆ ಧೂಳು, ಒಣಗಿದ ಮೀನಿನ ಹುರುಪೆ. ವಯರು ಒಂದೂ ಕತ್ತರಿಸಲಿಲ್ಲ, ಹಳೆಯ ಪ್ಲಗ್ಗಿಗೇ ಜೋಡಿಸುವ ಕಪ್ಲರ್ ಅವರ ಹತ್ತಿರ ಇತ್ತು.

‘ಸ್ಪೀಕರೂ ಬದಲ್ ಮಾಡ್ವಾ ಸಾರ್. ಹೊಸ ಸೆಟ್ಟಿಗೆ ಹಳೇ ಸ್ಪೀಕರ್ ಎಂತಕ್ಕೆ? ಬಾಗಿಲು ಬಿಚ್ಚೂದು ಎಂತ ದೊಡ್ಡ ಕೆಲಸ ಅಲ್ಲ.’

‘ಬೇಡ, ಅದಿರ್ಲಿ.’

‘ಒಮ್ಮೆ ಕೇಳಿ ನೋಡಿ, ಎಂತ ಸೌಂಡು ಗೊತ್ತುಂಟಾ!’

‘ಬಾಗಿಲು ಮುಟ್ಬೇಡಿ ಅಂದೆ ಅಲ್ವಾ!’

ಪಕ್ಕದ ಚಾ ಅಂಗಡಿಯವರೂ ತಿರುಗಿ ನೋಡುವಷ್ಟು ಜೋರಾಗಿ ಬಂದಿತ್ತು ನನ್ನ ದನಿ. ಆ ಹಟ ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ. ಸೆಟ್ಟು ಹೋಗಲಿ, ಆ ಡಬ್ಬಿ ಹಾಳಾಗಿ ಹೋಗಲಿ. ಆದರೆ ಬಾಗಿಲ ಒಳಗೆ ಕೂತು ಇಷ್ಟು ವರ್ಷ ಅವನಿಗೆ ಹಾಡಿದ್ದವಲ್ಲ, ಅವನ್ನೂ ಕಿತ್ತು ಬಿಸಾಡಿದರೆ ಗಾಡಿಯಲ್ಲಿ ಅಣ್ಣನದು ಅಂತ ಇನ್ನೇನು ಉಳಿಯಿತು? ಅಂಗಡಿಯವರು ಕೆಲಸ ಮುಂದುವರಿಸಿದರು. ಇಕ್ಕಳದಿಂದ ಮುರುಕು ಪೆನ್‌ಡ್ರೈವ್ ಎಳೆದು ನನ್ನ ಅಂಗೈಯಲ್ಲಿಟ್ಟು, ‘ಇದು ನಿಮ್ದು’ ಎಂದರು. ಮನೆಗೆ ತಂದು ಅತ್ತಿಗೆಗೆ ಕೊಟ್ಟೆ. ಅವಳು ಅದನ್ನು ದೇವರ ಗೂಡಿನಲ್ಲಿ, ಬೆಂಕಿಪೊಟ್ಟಣದ ಪಕ್ಕ ಇಟ್ಟಳು.

ಮರುದಿನ ಸಂಜೆ ಹೊಸ ಸೆಟ್ಟಿನಲ್ಲಿ ಯಾವುದೋ ಸಿನಿಮಾ ಹಾಡು ಸಣ್ಣಗೆ ಹಾಕಿಕೊಂಡು ಬಂದೆ. ಅಮ್ಮ ಗೇಟಿನಲ್ಲಿ ನಿಂತಿದ್ದಳು. ಆಮೇಲೊಂದು ದಿನ ರೇಡಿಯೋ ವಾರ್ತೆ ಹಾಕಿದೆ. ಆಗಲೂ ನಿಂತಿದ್ದಳು. ಹಳೇ ಸ್ಪೀಕರಿನ ದನಿಯ ಗುರುತು ಸಿಕ್ಕಿರಬೇಕು, ಆ ಅಂಗಡಿಯವರ ಮಾತು ಕೇಳಿದ್ದರೆ ಆಗುತ್ತಿತ್ತು ಎಂದು ತಲೆ ಚಚ್ಚಿಕೊಂಡೆ. ಕೊನೆಗೆ ಒಂದು ಸಂಜೆ ಎಲ್ಲ ಬಂದ್ ಮಾಡಿ, ಗಾಜು ಏರಿಸಿ, ಕಳ್ಳನ ಹಾಗೆ ಕೇರಿಗೆ ತಿರುಗಿದೆ. ಮಳೆ ಜಿನುಗುತ್ತಿತ್ತು. ಅಮ್ಮ ತಲೆಗೆ ಟವೆಲ್ ಹಾಕಿಕೊಂಡು, ಊದಿದ ಕಾಲು ಎಳೆಯುತ್ತ ಗೇಟು ತೆಗೆಯುತ್ತಿದ್ದಳು.

ಅಷ್ಟು ದಿನ ಎಲ್ಲಿತ್ತೋ ಸಿಟ್ಟು, ಒಮ್ಮೆಲೇ ನೆತ್ತಿಗೇರಿತು. ಗಾಜು ಇಳಿಸಿ ಕೂಗಿದೆ. ‘ಅಣ್ಣ ಬರೂದಿಲ್ಲ ಅಮ್ಮ! ಸತ್ತು ಹೋದ ಅವ! ದಿನಾ ದಿನಾ ಎಂತಕ್ಕೆ ಓಡಿ ಬರ್ತೆ? ಕಾಲು ಮುರ್ಕಂಡು ಬೀಳೂಕಾ?’

ಅಮ್ಮ ಗೇಟು ಹಿಡಿದುಕೊಂಡೇ ನಿಂತಳು. ಅವಳ ಮುಖದಲ್ಲಿ ಗಾಬರಿಯಿರಲಿಲ್ಲ.

‘ಅವ ಸತ್ತದ್ದು ನಂಗೆ ಗೊತ್ತಿಲ್ಲ ಅಂದ್ಕಂಡ್ಯ? ಎತ್ತೂವಾಗ ಅವ್ನ ಬಾಯಿಗೆ ನೀರು ಬಿಟ್ಟವ್ಳು ನಾನು’ ಎಂದಳು. ‘ಅವ ಇರೂವಾಗ ಒಂದಿನ ಆದ್ರೂ ಗೇಟು ತೆಗೂಕೆ ಬಂದಿದ್ನಾ ನಾನು? ಅವ್ನೇ ಇಳ್ದು ತೆಕ್ಕಳ್ತಿದ್ದ.’

ಅದು ನಿಜವಾಗಿತ್ತು.

‘ನಾ ಬರೂದು ನಿಂಗೆ’ ಎಂದಳು ಅಮ್ಮ. ‘ಗಾಡಿ ತಂದ ದಿನ ಗೇಟಿನೊಳಗೆ ಬಂದವ ನೀ ಅದರಲ್ಲೇ ಕೂತಿದ್ದೆ. ಕತ್ಲಾದ್ರೂ ಇಳೀಲಿಲ್ಲ. ಈಗ್ಲೂ ಗೇಟಿನೆದ್ರು ಬಂದು ಹಾಗೇ ಕೂತ್ಕಳ್ತೆ, ಇಳೂದಿಲ್ಲ, ಹಾರ್ನೂ ಮಾಡೂದಿಲ್ಲ. ನೀ ಬರೂ ಹೊತ್ತಿಗೆ ನಾ ಬಂದು ತೆಗೀದಿದ್ರೆ ನೀ ಹಾಗೇ ತಿರುಗ್ಸ್ಕಂಡು ಎಲ್ಲಿಗಾದ್ರೂ ಹೋಗ್ತೆ ಅಂತ ಹೆದ್ರಿಕೆ ನಂಗೆ. ಒಬ್ಬ ಹೋದ. ನೀನಾದ್ರೂ ಮನೆಗೆ ಬಾ.’

ವೈಪರ್ ಒಂದೇ ಸಮ ಆಡುತ್ತಿತ್ತು. ಜಗಲಿಯಲ್ಲಿ ಅತ್ತಿಗೆ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು.

ಅಮ್ಮ ಕಿಟಕಿಯ ಹತ್ತಿರ ಬಂದು ಬಗ್ಗಿದಳು. ‘ನಾಳೆಯಿಂದ ನೀನೇ ಇಳ್ದು ತೆಗೀತೆ ಅಂತ ಹೇಳು. ನಾ ಬರೂದು ಬಿಡ್ತೆ. ನಂಗೂ ಕಾಲು ನೋವೇ.’

ತೆಗೀತೆ ಎಂದುಬಿಟ್ಟರೆ ಮುಗಿಯುತ್ತಿತ್ತು. ಅವಳ ಕಾಲು ಉಳಿಯುತ್ತಿತ್ತು. ಅದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು.

‘ಇನ್ನು ಸ್ವಲ್ಪ ದಿನ ನೀನೇ ಬಾ ಅಮ್ಮ’ ಎಂದೆ.